ಹನಿನೀರಾವರಿಯೂ ಸರಕಾರದ ಸಹಾಯಧನವೂ



ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ಅರಿಯದ ಒಕ್ಕಲುಮಗನು ಕನ್ನಡ ನಾಡಿನಲ್ಲಿ ಇರಲಾರನು. ಕೂಡಿಸುವದರ ಮಹಿಮೆಯನ್ನು ಈ ಗಾದೆಯು ಸಾರುತ್ತದೆ. ಆದರೆ ಹಳ್ಳವು ಬತ್ತುವದೂ ಹನಿಹನಿಯಾಗಿಯೇ ಎಂಬದನ್ನು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ ಮೊದಲಾದ ಜಿಲ್ಲೆಗಳ ಬಾವಿಗಳು ಕಳೆದ ಕೆಲವು ದಶಕಗಳಲ್ಲಿ ಕಲಿಸಿಕೊಟ್ಟಿವೆ. ಅಜ್ಜನು ಹಗ್ಗ ಬಿಟ್ಟು ಕೊಡ ತುಂಬಿಕೊಳ್ಳುತ್ತಿದ್ದ ತೆರೆದ ಬಾವಿಯು ಒಣಗಿತು. ಮಗನು ಕೊರೆಯಿಸಿದ ಕೊಳವೆಬಾವಿಯು ಬತ್ತಿತು. ಮೊಮ್ಮಗನು ಸಾಲ ಮಾಡಿ ಇನ್ನೂ ಆಳಕ್ಕೆ ಇಳಿಯುತ್ತಲಿದ್ದಾನೆ. ಈ ಸಂಕಟಕ್ಕೆ ಒಂದು ಪರಿಹಾರವೆಂದು ಹನಿನೀರಾವರಿ, ತುಂತುರು ನೀರಾವರಿಗಳನ್ನು ಹಬ್ಬಿಸುವ ಸಲುವಾಗಿ ಸರಕಾರವು ಬೊಕ್ಕಸದ ಹಣವನ್ನು ಸಹಾಯಧನರೂಪವಾಗಿ ಕೊಡುತ್ತಲಿದೆ. ಆ ಹಣವು ಯಾತಕ್ಕಾಗಿ ಕೊಟ್ಟದ್ದು, ಅದನ್ನು ನಡೆಯಿಸುವ ಬಗೆ ಯಾವದು, ಅದು ಸೋರಿಹೋಗುವ ಸ್ಥಳಗಳು ಎಲ್ಲಿವೆ ಎಂಬದೇ ಇಂದಿನ ವಿಚಾರದ ವಿಷಯವು.

ಗಿಡದ ಬುಡಕ್ಕಷ್ಟೇ ನೀರುಣಿಸುವ ವಿದ್ಯೆಯು ನಮ್ಮ ಹಿರಿಯರಿಗೆ ಹೊಸದಲ್ಲ. ಸಸಿಯ ಮಗ್ಗುಲಲ್ಲಿ ಮಣ್ಣಿನ ಗಡಿಗೆಯನ್ನು ಹೂಳಿ, ಅದರಲ್ಲಿ ನೀರು ತುಂಬಿ, ಅದು ಮೆಲ್ಲಗೆ ಬೇರಿಗೆ ಜಿನುಗುವಂತೆ ಮಾಡುವದು ಹಳೆಯ ಪದ್ಧತಿಯು. ಇದನ್ನೇ ಕೊಳವೆ, ರಂಧ್ರ, ಒತ್ತಡಗಳ ಲೆಕ್ಕದಿಂದ ಇಡೀ ಹೊಲಕ್ಕೆ ಅನ್ವಯಿಸುವ ಸಾಧನವು ಇಸ್ರೇಲ ದೇಶದ ಜಲಯಂತ್ರಜ್ಞನಾದ ಸಿಮ್ಖಾ ಬ್ಲಾಸನ ಪ್ರಯತ್ನದಿಂದ ರೂಪುಗೊಂಡು, 1965ರಲ್ಲಿ ನೆಗೆವ್ ಮರುಭೂಮಿಯ ಹತ್ಸೆರಿಮ್ ಎಂಬ ಸಹಕಾರೀ ಗ್ರಾಮದಲ್ಲಿ ಉದ್ಯಮವಾಗಿ ತಲೆಯೆತ್ತಿತು. ಭಾರತದಲ್ಲಿ ಆಂಧ್ರಪ್ರದೇಶವು 2003ರ ನವೆಂಬರದಲ್ಲಿ ಇದಕ್ಕಾಗಿಯೇ ಒಂದು ವಿಸ್ತಾರವಾದ ಯೋಜನೆಯನ್ನು ಆರಂಭಿಸಿತು. ಕೇಂದ್ರಸರಕಾರದ ಸೂಕ್ಷ್ಮ ನೀರಾವರಿ ಯೋಜನೆಯು 2006ರಲ್ಲಿ ಹುಟ್ಟಿ, 2010ರಲ್ಲಿ ರಾಷ್ಟ್ರೀಯ ಅಭಿಯಾನವಾಗಿ, 2015ರಲ್ಲಿ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಅಂಗವಾಗಿ, 2022-23ರಿಂದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯೊಳಗೆ ಸೇರಿಕೊಂಡು ನಡೆದುಬಂದಿದೆ. ಹೆಸರುಗಳು ಬದಲಾದರೂ ಉದ್ದೇಶವು ಒಂದೇ. ಒಂದೊಂದು ಹನಿಯಿಂದಲೂ ಹೆಚ್ಚಿನ ಬೆಳೆಯನ್ನು ತೆಗೆಯಬೇಕೆಂಬದು.

ಈ ಉದ್ದೇಶದ ಬೆಲೆಯು ಒಂದು ಸಣ್ಣ ಲೆಕ್ಕದಿಂದ ತಿಳಿಯುವದು. ಬೇಸಗೆಯಲ್ಲಿ ಒಂದು ಬೆಳೆಗೆ ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಬೇಕೆಂದು ಹಿಡಿದರೆ, ಒಂದು ಎಕರೆಗೆ ಸುಮಾರು 20,000 ಲೀಟರು ಆಗುವದು. ಕಾಲುವೆ ತೆಗೆದು ಮಡಿಗೆ ಹಾಯಿಸಿದ ನೀರಿನಲ್ಲಿ ನೂರಕ್ಕೆ 40 ಪಾಲು ಮಾತ್ರ ಬೇರಿಗೆ ಮುಟ್ಟಿದರೆ, ರೈತನು 50,000 ಲೀಟರನ್ನು ಎತ್ತಬೇಕಾಗುವದು. ಹನಿನೀರಾವರಿಯಲ್ಲಿ ನೂರಕ್ಕೆ 90 ಪಾಲು ಮುಟ್ಟುವದಾದರೆ 22,000 ಲೀಟರಿನ ಆಸುಪಾಸಿನಲ್ಲಿ ಕೆಲಸವು ತೀರುವದು. ತಾಸಿಗೆ 5,000 ಲೀಟರು ಕೊಡುವ ಕೊಳವೆಬಾವಿಯನ್ನು ಮೊದಲನೆಯ ಬಗೆಯಲ್ಲಿ ಹತ್ತು ತಾಸು ಓಡಿಸಬೇಕು. ಎರಡನೆಯ ಬಗೆಯಲ್ಲಿ ನಾಲ್ಕೂವರೆ ತಾಸು ಸಾಕು. ಉಳಿದ ಐದೂವರೆ ತಾಸಿನ ನೀರೇ ಈ ಯೋಜನೆಯ ನಿಜವಾದ ಫಲವು. ಸರಕಾರವು ಹಣ ಕೊಡುವದು ಕಪ್ಪು ಕೊಳವೆಗಾಗಿ ಎಂದು ಜನರು ತಿಳಿಯುತ್ತಾರೆ. ಆ ಹಣವು ಈ ಐದೂವರೆ ತಾಸಿನ ನೀರಿಗೆ ತೆತ್ತ ಬೆಲೆಯು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡರೆ ಯೋಜನೆಯನ್ನು ನಡೆಯಿಸುವ ದಾರಿಯು ತಾನಾಗಿಯೇ ಸ್ಪಷ್ಟವಾಗುವದು.

ಕೇಂದ್ರದ ನಿಯಮದಂತೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ವೆಚ್ಚದ ನೂರಕ್ಕೆ 55 ಪಾಲು, ಉಳಿದವರಿಗೆ 45 ಪಾಲು ಸಹಾಯಧನವು ಸಲ್ಲುವದು. ಒಬ್ಬ ರೈತನಿಗೆ 5 ಹೆಕ್ಟೇರಿನ ಮಿತಿಯುಂಟು. ಕರ್ನಾಟಕ ಸರಕಾರವು ತನ್ನ ಪಾಲನ್ನು ಹೆಚ್ಚಾಗಿ ಕೂಡಿಸಿ 2 ಹೆಕ್ಟೇರುಗಳವರೆಗೆ ನೂರಕ್ಕೆ 90ರಷ್ಟು ಕೊಡುವ ಪದ್ಧತಿಯನ್ನು ತಂದಿತು. ತೋಟದ ಬೆಳೆಗಳಿಗೆ ತೋಟಗಾರಿಕೆ ಇಲಾಖೆ, ಹೊಲದ ಬೆಳೆಗಳಿಗೆ ಕೃಷಿ ಇಲಾಖೆ, ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ, ಹೀಗೆ ಮೂರು ಬಾಗಿಲುಗಳಿಂದ ಈ ಸಹಾಯವು ಹೊರಬೀಳುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸಹಾಯಧನವು ಅಂಗಡಿಕಾರನು ಬರೆದುಕೊಟ್ಟ ಪಟ್ಟಿಯ ಮೇಲೆ ಎಣಿಸತಕ್ಕದ್ದಲ್ಲ. ಸಾಲಿನಿಂದ ಸಾಲಿಗಿರುವ ಅಂತರವನ್ನು ನೋಡಿ ಸರಕಾರವು ಗೊತ್ತುಮಾಡಿದ ಘಟಕವೆಚ್ಚದ ಮೇಲೆ ಎಣಿಸತಕ್ಕದ್ದು. ಮಾವಿನಂಥ ದೂರದ ಗಿಡಗಳಿಗೆ ಕೊಳವೆ ಕಡಿಮೆ, ವೆಚ್ಚವೂ ಕಡಿಮೆ. ತರಕಾರಿ, ಕಬ್ಬುಗಳಂಥ ಒತ್ತಾದ ಸಾಲುಗಳಿಗೆ ಎರಡೂ ಹೆಚ್ಚು. ಈ ಘಟಕವೆಚ್ಚವನ್ನು ಪೇಟೆಯ ಧಾರಣೆಗಿಂತ ಕೆಳಗೆ ಇಟ್ಟರೆ ಹಗುರಾದ ಕೊಳವೆಯು ಹೊಲಕ್ಕೆ ಬರುವದು. ಮೇಲೆ ಇಟ್ಟರೆ ಧಾರಣೆಯೇ ಏರಿ, ರೈತನಿಗೆಂದು ಕೊಟ್ಟ ಹಣವು ಮಾರುವವನ ಗಲ್ಲೆಗೆ ಸೇರುವದು. ಆದುದರಿಂದ ವರ್ಷಕ್ಕೊಮ್ಮೆ ಪೇಟೆಯನ್ನು ಶೋಧಿಸಿ ಈ ದರವನ್ನು ತಿದ್ದುವದು ಯೋಜನೆ ನಡೆಯಿಸುವವರ ಮೊದಲನೆಯ ಕರ್ತವ್ಯವು.

ಎರಡನೆಯದು ಪಾತ್ರನಿರ್ಣಯವು. ಪಹಣಿ, ಗುರುತಿನ ಚೀಟಿ, ಬ್ಯಾಂಕಿನ ಪುಸ್ತಕಗಳನ್ನು ನೋಡುವದು ಸುಲಭ. ನೀರಿನ ಮೂಲವನ್ನು ನೋಡುವದು ಕಠಿಣ. ಬತ್ತಿದ ಬಾವಿಗೆ ಕೊಳವೆ ಜೋಡಿಸಿದರೆ ಅದು ಹಾವಿನ ಪೊರೆಯಂತೆ ಹೊಲದಲ್ಲಿ ಬಿದ್ದಿರುವದು. ಮಣ್ಣು ಮರಳೋ ಎರೆಯೋ, ನೀರಿನಲ್ಲಿ ಸುಣ್ಣದ ಅಂಶವೆಷ್ಟು, ಕಬ್ಬಿಣವೆಷ್ಟು ಎಂಬದನ್ನು ಪರೀಕ್ಷಿಸದೆ ನಕ್ಷೆ ಬರೆದರೆ ಎರಡು ವರ್ಷಗಳೊಳಗಾಗಿ ರಂಧ್ರಗಳು ಕಟ್ಟಿಕೊಳ್ಳುವವು. ಏರುತಗ್ಗಿನ ಹೊಲಕ್ಕೆ ಸಮತಟ್ಟಾದ ಹೊಲದ ನಕ್ಷೆಯನ್ನು ನಕಲು ಮಾಡಿ ಕೊಡುವದೂ ಅಂಥದೇ ಅಪಚಾರವು.

ಮೂರನೆಯ ಪ್ರಶ್ನೆಯು ಎಲ್ಲಕ್ಕಿಂತ ತೊಡಕಿನದು. ಹಣವನ್ನು ಯಾರ ಕೈಗೆ ಕೊಡಬೇಕು? ರೈತನು ಮೊದಲು ಪೂರ್ಣ ಬೆಲೆಯನ್ನು ತೆತ್ತು ಆಮೇಲೆ ಸಹಾಯಧನವನ್ನು ತನ್ನ ಖಾತೆಗೆ ಪಡೆಯುವದೊಂದು ದಾರಿ. ಆಗ ಅವನು ನಿಜವಾದ ಗಿರಾಕಿಯಾಗಿ, ಕೊಳವೆಯ ದಪ್ಪವನ್ನು ಒತ್ತಿ ನೋಡಿ, ಐ.ಎಸ್.ಐ. ಮುದ್ರೆಯನ್ನು ಹುಡುಕಿ, ಚೌಕಾಶಿ ಮಾಡಿ ಕೊಳ್ಳುವನು. ಆದರೆ ಎರಡೆಕರೆಯ ವಿಧವೆಯು ಅಷ್ಟು ಹಣವನ್ನು ಎಲ್ಲಿಂದ ತರಬೇಕು? ಸರಕಾರದ ಮಂಜೂರಿಯು ಆರು ತಿಂಗಳು ತಡವಾದರೆ ಬಡ್ಡಿಯೇ ಸಹಾಯಧನವನ್ನು ನುಂಗಿಬಿಡುವದು. ರೈತನು ತನ್ನ ಹತ್ತನೆಯ ಒಂದು ಪಾಲನ್ನು ಮಾತ್ರ ಕೊಟ್ಟು, ಉಳಿದುದನ್ನು ಸರಕಾರವು ಮಾರುವವನಿಗೆ ನೇರವಾಗಿ ಸಲ್ಲಿಸುವದು ಇನ್ನೊಂದು ದಾರಿ. ಇದರಿಂದ ಬಡವನಿಗೆ ಬಾಗಿಲು ತೆರೆಯುವದು ನಿಜ. ಆದರೆ ಮಾರುವವನ ಕಣ್ಣು ರೈತನ ಹೊಲವನ್ನು ಬಿಟ್ಟು ಕಚೇರಿಯ ಮೇಜಿನ ಕಡೆಗೆ ತಿರುಗುವದು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎಂಬಂತೆ, ಬೇಡದವನೂ ಅರ್ಜಿ ಹಾಕಿ, ಬಂದ ಕೊಳವೆಯನ್ನು ಸುತ್ತಿ ಅಟ್ಟಕ್ಕೆ ಏರಿಸುವನು. ಎರಡರಲ್ಲಿಯೂ ದೋಷವಿರುವದರಿಂದ ದಾರಿಯನ್ನು ಬದಲಿಸಿದ ಮಾತ್ರಕ್ಕೆ ದೋಷವು ಹೋಗದು. ಮಂಜೂರಿಗೆ ದಿನಗಳ ಗಡುವು, ರೈತನಿಗೆ ಮಾರುವವನನ್ನು ಆರಿಸುವ ಸ್ವಾತಂತ್ರ್ಯ, ಬಡವನ ಪಾಲಿಗೆ ಸಹಕಾರಿ ಸಂಘದ ಅಲ್ಪಾವಧಿಯ ಸಾಲ, ಹೊಲದಲ್ಲಿಯೇ ನಿಂತು ಮಾಡಿದ ತನಿಖೆ, ಈ ನಾಲ್ಕೂ ಕೂಡಿದರೆ ಯಾವ ದಾರಿಯಾದರೂ ನಡೆಯಬಲ್ಲದು.

ತನಿಖೆಯ ವಿಷಯದಲ್ಲಿ ಗುಜರಾತದ ನಡೆಯು ಗಮನಿಸತಕ್ಕದ್ದಾಗಿದೆ. ಅಲ್ಲಿ 2005ರಲ್ಲಿ ಈ ಕಾರ್ಯಕ್ಕೆಂದೇ ಗುಜರಾತ ಗ್ರೀನ್ ರೆವಲ್ಯೂಶನ್ ಕಂಪನಿ ಎಂಬ ಪ್ರತ್ಯೇಕ ಸಂಸ್ಥೆಯನ್ನು ನಿಲ್ಲಿಸಿದರು. ಆರಂಭದಲ್ಲಿ ವೆಚ್ಚದ ಅರ್ಧ ಅಥವಾ ಹೆಕ್ಟೇರಿಗೆ 50,000 ರೂಪಾಯಿ, ಎರಡರಲ್ಲಿ ಯಾವದು ಕಡಿಮೆಯೋ ಅದನ್ನು ಕೊಡುವ ನಿಯಮವಿದ್ದಿತು. ರೈತ, ಮಾರುವವ, ಸಂಸ್ಥೆ ಈ ಮೂವರ ನಡುವೆ ಒಂದೇ ಕರಾರುಪತ್ರವಾಗುವದು; ಜೋಡಣೆಯಾದ ಮೇಲೆ ಹೊರಗಿನ ತನಿಖೆಗಾರರು ಹೊಲಕ್ಕೆ ಹೋಗಿ ಯಂತ್ರವನ್ನು ಓಡಿಸಿ ನೋಡುವರು; ಮಾರಿದವನು ಆಮೇಲೆಯೂ ದುರಸ್ತಿಯ ಸೇವೆಗೆ ಬದ್ಧನಾಗಿರುವನು. ಕೊಟ್ಟವನೇ ತನ್ನ ಕೊಡುಗೆಯನ್ನು ತಾನೇ ಒಳ್ಳೆಯದೆಂದು ಬರೆದುಕೊಳ್ಳಬಾರದು, ಬೇರೊಬ್ಬನು ನೋಡಬೇಕು ಎಂಬ ನ್ಯಾಯವು ಇದರಲ್ಲಿದೆ.

ತನಿಖೆಯೆಂದರೆ ಕೊಳವೆಯ ಮಾರುಗಳನ್ನು ಎಣಿಸುವದಷ್ಟೇ ಎಂದು ಭಾವಿಸಲಾಗದು. ಅಕ್ಷರ ಬಾರದ ಒಕ್ಕಲುಮಗನೂ ಮಾಡಬಲ್ಲ ಒಂದು ಪರೀಕ್ಷೆಯುಂಟು. ತಾಸಿಗೆ 4 ಲೀಟರು ಬಿಡುವ ರಂಧ್ರವು ಕಾಲು ತಾಸಿನಲ್ಲಿ ಒಂದು ಲೀಟರು ಕೊಡಬೇಕು. ಪಂಪಿನ ಹತ್ತಿರದ ಮೊದಲನೆಯ ಗಿಡದ ಬುಡದಲ್ಲೊಂದು, ಹೊಲದ ಕಡೆಯ ಮೂಲೆಯ ಗಿಡದ ಬುಡದಲ್ಲೊಂದು ತಂಬಿಗೆಯನ್ನಿಟ್ಟು ಕಾಲು ತಾಸು ಕಾಯಬೇಕು. ಎರಡರ ನೀರೂ ಹೆಚ್ಚುಕಡಿಮೆ ಸಮನಾಗಿದ್ದರೆ ನಕ್ಷೆಯೂ ಸಾಮಾನೂ ಸರಿಯಾಗಿವೆ. ಕಡೆಯ ತಂಬಿಗೆಯಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೊರತೆ ಬಂದರೆ ಎಲ್ಲಿಯೋ ದೋಷವಿದೆ. ಕಾಗದದಲ್ಲಿ ಎಷ್ಟು ಮುದ್ರೆಗಳಿದ್ದರೂ ಆ ಹೊಲದ ಕೆಲಸವು ಪೂರ್ತಿಯಾಗಿಲ್ಲವೆಂದೇ ತಿಳಿಯಬೇಕು.

ಜೋಡಣೆಯ ದಿನ ನೀರು ಹರಿಯುವದು ದೊಡ್ಡ ಮಾತಲ್ಲ. ಮೂರನೆಯ ವರ್ಷ ಹರಿಯುವದು ದೊಡ್ಡ ಮಾತು. ಸೋಸುವ ಜಾಲರಿಯನ್ನು ಆಗಾಗ್ಗೆ ತೊಳೆಯಬೇಕು. ಕೊಳವೆಗಳ ಬಾಲವನ್ನು ಬಿಚ್ಚಿ ಕೆಸರನ್ನು ಹೊರಬಿಡಬೇಕು. ಸುಣ್ಣ ಕಟ್ಟಿದಲ್ಲಿ ಬಲ್ಲವರಿಂದ ತೆಳುವಾದ ಆಮ್ಲವನ್ನು ಹಾಯಿಸಬೇಕು. ಇಲಿ ಅಳಿಲುಗಳು ಕಡಿದುದನ್ನು ಕೂಡಲೇ ಬೆಸೆಯಬೇಕು. ಕೂಡಲಸಂಗಮದ ಭಕ್ತರಿಗೆ ಚಿರಪರಿಚಿತವಾದ ಹುನಗುಂದ ಸೀಮೆಯಲ್ಲಿಯೇ ಇದರ ಪಾಠವಿದೆ. ನಾರಾಯಣಪುರದ ಬಸವಸಾಗರದ ನೀರನ್ನು ಎತ್ತಿ, ರಾಮಥಾಳದ ಯೋಜನೆಯೆಂದು 24,000 ಹೆಕ್ಟೇರು ಭೂಮಿಗೆ ಹನಿನೀರಾವರಿಯನ್ನು ಒದಗಿಸುವ ಮಹಾಕಾರ್ಯವನ್ನು ಸರಕಾರವು ಕೈಕೊಂಡು 2017ರಲ್ಲಿ ಲೋಕಾರ್ಪಣೆ ಮಾಡಿತು. ಕೊಳವೆಗಳನ್ನು ಹೊಲಹೊಲಕ್ಕೆ ಸರಕಾರವೇ ಹಾಸಿಕೊಟ್ಟಿತು. ಆದರೆ ಕೆಲವೇ ವರ್ಷಗಳಲ್ಲಿ ಅನೇಕ ಹೊಲಗಳಲ್ಲಿ ಆ ಕೊಳವೆಗಳು ಬಳಕೆ ತಪ್ಪಿದವು. ಅದಕ್ಕೆ ರೈತನೊಬ್ಬನನ್ನೇ ದೂರುವದು ನ್ಯಾಯವಾಗದು. ಮಳೆಯನ್ನೇ ನಂಬಿ ಬಿಳಿಜೋಳ, ಕಡಲೆ ಬೆಳೆಯುತ್ತಿದ್ದ ಎರೆಯ ಭೂಮಿಯವನಿಗೆ ಹೊಸ ಬೆಳೆ, ಹೊಸ ಗೊಬ್ಬರ, ಹೊಸ ಮಾರುಕಟ್ಟೆ ಎಲ್ಲವೂ ಒಮ್ಮೆಲೇ ಬಂದವು. ಸರದಿಯ ನೀರು ತಪ್ಪದೆ ಬರುವದೆಂಬ ಭರವಸೆಯೂ ಮುರಿದ ಕೊಳವೆಯನ್ನು ಯಾರು ಕಟ್ಟಬೇಕೆಂಬ ನಿರ್ಣಯವೂ ಕೊಳವೆಯಷ್ಟು ಸುಲಭವಾಗಿ ಹಾಸತಕ್ಕ ವಸ್ತುಗಳಲ್ಲ. ಸಾಮಾನನ್ನು ಕೊಟ್ಟು ಸಂಸ್ಕಾರವನ್ನು ಕೊಡದಿದ್ದರೆ ಆ ದಾನವು ಅರ್ಧದಲ್ಲಿಯೇ ನಿಲ್ಲುವದು.

ಇನ್ನು ಕಡೆಯದೂ ಮುಖ್ಯವಾದದ್ದೂ ಆದ ಮಾತು. ಎಲ್ಲವೂ ಸರಿಯಾಗಿ ನಡೆದು ಐದೂವರೆ ತಾಸಿನ ನೀರು ಉಳಿಯಿತೆನ್ನಿರಿ. ಅದು ಯಾರದು? ಭೂಮಿಯಲ್ಲಿ ಬಿಟ್ಟರೆ ಅದು ಇಡೀ ಊರಿನದು, ಬರುವ ಬೇಸಗೆಯದು. ಆದರೆ ರೈತನು ಸಹಜವಾಗಿಯೇ ಪಕ್ಕದ ಒಣ ಎಕರೆಗೂ ಕೊಳವೆ ಎಳೆಯುವನು. ಇಲ್ಲವೆ ಹೆಚ್ಚು ನೀರು ಕುಡಿಯುವ ಬೆಳೆಗೆ ತಿರುಗುವನು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತವಾಗಿರುವದರಿಂದ ಪಂಪನ್ನು ನಿಲ್ಲಿಸುವ ಕಾರಣವೂ ಅವನಿಗೆ ತೋರದು. ಅವನ ಆದಾಯವು ಹೆಚ್ಚುವದು, ಅದು ಸಂತೋಷದ ಮಾತೇ. ಆದರೆ ಬಾವಿಯ ಮಟ್ಟವು ಮೇಲೇರದು. ಮೇಲಾಗಿ ಹಿಂದೆ ಮಡಿಗೆ ಹಾಯಿಸಿದ ನೀರೆಲ್ಲವೂ ಹಾಳಾಗುತ್ತಿರಲಿಲ್ಲ. ಕೆಲ ಪಾಲು ಇಂಗಿ ಮತ್ತೆ ಅಂತರ್ಜಲವನ್ನೇ ಸೇರುತ್ತಿದ್ದಿತು. ಈಗ ಆ ಪಾಲೂ ಹೊಸ ಎಕರೆಯ ಬೆಳೆಯಲ್ಲಿ ಆವಿಯಾಗಿ ಹೋದರೆ, ಉಳಿತಾಯದ ಹೆಸರಿನಲ್ಲಿ ನೀರು ಮೊದಲಿಗಿಂತ ಬೇಗನೆ ತೀರುವ ಪ್ರಸಂಗವೂ ಬರಬಹುದು. ಹೆಕ್ಟೇರುಗಳನ್ನು ಎಣಿಸಿ, ಮಾರ್ಚಿ ತಿಂಗಳೊಳಗೆ ಗುರಿ ಮುಟ್ಟಿತೆಂದು ವರದಿ ಬರೆಯುವ ಕಚೇರಿಗೆ ಇದು ಕಾಣಿಸದು. ಸಹಾಯಧನವು ನೀರಿಗಾಗಿ ಕೊಟ್ಟದ್ದಾದರೆ ಕೊಳವೆಯ ಜೊತೆಗೆ ಬಾವಿಯ ಮಟ್ಟವನ್ನೂ ವರ್ಷವರ್ಷವೂ ಅಳೆದು ಬರೆಯಿಸಬೇಕು.

ಈ ಕೆಲಸವನ್ನು ಸರಕಾರವೊಂದೇ ಮಾಡಲಾರದು. ಇಪ್ಪತ್ತು ಹೊಲಗಳ ನೀರು ಒಂದೇ ಪಾತಾಳದಿಂದ ಬರುವಲ್ಲಿ, ಒಬ್ಬನ ಸಂಯಮವು ಇನ್ನೊಬ್ಬನ ಆಶೆಗೆ ಆಹಾರವಾಗುವದು. ಎಲ್ಲರೂ ಕೂಡಿ ಒಪ್ಪಿದರೆ ಮಾತ್ರ ಅದು ನಿಲ್ಲುವದು. ಕೆರೆಯ ತೂಬನ್ನು ಎಷ್ಟು ಹೊತ್ತು ತೆರೆಯಬೇಕು, ಯಾರ ಸರದಿ ಯಾವ ದಿನ ಎಂಬದನ್ನು ಊರಿನ ಹಿರಿಯರು ಕಟ್ಟೆಯ ಮೇಲೆ ಕುಳಿತು ಗೊತ್ತುಮಾಡಿ, ನೀರಗಂಟಿಯಿಂದ ನಡೆಯಿಸುತ್ತಿದ್ದ ಕಾಲವು ಈ ನಾಡಿನದೇ ಆಗಿದೆ. ಅದೇ ಬುದ್ಧಿಯು ಕೊಳವೆಬಾವಿಗೂ ಬರಬೇಕು. ಸಹಾಯಧನ ಪಡೆದ ಊರಿನವರು ಕೂಡಿ, ಉಳಿದ ನೀರಿನಲ್ಲಿ ಇಷ್ಟು ಪಾಲಿಗಿಂತ ಹೆಚ್ಚು ಹೊಸ ಭೂಮಿಗೆ ಹರಿಸಕೂಡದೆಂದು ಗೊತ್ತುಮಾಡಲಿ. ಒಬ್ಬ ತರುಣನಿಗೆ ದುರಸ್ತಿಯ ಕೆಲಸವನ್ನು ಕಲಿಸಿ ಅವನ ಹೊಟ್ಟೆಗೆ ಎಲ್ಲರೂ ಇಷ್ಟಿಷ್ಟು ಕೂಡಿಸಲಿ. ಸುಗ್ಗಿ ಮುಗಿದ ಮೇಲೆ ಒಂದು ದಿನ ಪ್ರತಿಯೊಂದು ಹೊಲದಲ್ಲಿ ಎರಡು ತಂಬಿಗೆಗಳ ಪರೀಕ್ಷೆಯನ್ನು ನಡೆಯಿಸಿ, ಅದರ ಫಲವನ್ನೂ ಬಾವಿಯ ಮಟ್ಟವನ್ನೂ ಒಂದೇ ವಹಿಯಲ್ಲಿ ಬರೆದಿಡಲಿ.

ಬೊಕ್ಕಸದ ಹಣವು ಬೇರೆ ರೈತರು, ಕೂಲಿಕಾರರು, ವ್ಯಾಪಾರಿಗಳು ತೆತ್ತ ಹಣವು. ಅದನ್ನು ಪಡೆದವನು ಸರಕಾರಕ್ಕೆ ಹಿಂತಿರುಗಿಸಬೇಕಾದುದಿಲ್ಲ. ಆದರೆ ಭೂಮಿಗೆ ಒಂದಿಷ್ಟನ್ನು ಹಿಂತಿರುಗಿಸುವ ಋಣವು ಅವನ ಮೇಲೆ ಉಳಿದೇ ಇರುವದು. ಆ ಋಣವು ತೀರಿತೋ ಇಲ್ಲವೋ ಎಂಬದಕ್ಕೆ ಕಚೇರಿಯ ರಸೀದಿಯು ಸಾಕ್ಷಿಯಾಗಲಾರದು. ವೈಶಾಖದ ಬಿಸಿಲಿನಲ್ಲಿ ಊರ ಬಾವಿಯೊಳಗೆ ಬಿಟ್ಟ ಹಗ್ಗವು ಎಷ್ಟು ಮೊಳಕ್ಕೆ ಒದ್ದೆಯಾಗುವದೋ ಅದೇ ಸಾಕ್ಷಿಯು.