ಬೆಳೆಯುವ ಮೆದುಳು ಮತ್ತು ಗಾಂಜಾ
(ತೆಲಿಗಿಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)





ವರ್ಷದ ಲೆಕ್ಕಪತ್ರ ನಿಮ್ಮ ಕೈಯಲ್ಲಿದೆ. ಚೆಕ್ ವಿತರಣೆಗೆ ಮೊದಲು ಒಂದು ಮಾತು ಹೇಳಬೇಕೆಂದು ನಾವೆಲ್ಲ ಕೂಡಿ ತೀರ್ಮಾನಿಸಿದ್ದೇವೆ. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಹರಪನಹಳ್ಳಿ, ದಾವಣಗೆರೆ, ಹೊಸಪೇಟೆ, ಬೆಂಗಳೂರಿಗೆ ಓದಲು ಹೋಗುತ್ತಾರೆ. ಹಾಸ್ಟೆಲ್ಲು, ಬಾಡಿಗೆ ರೂಮುಗಳಲ್ಲಿ ಇರುತ್ತಾರೆ. ಅಲ್ಲಿ ಗಾಂಜಾ ಕೊಡುವವರೂ ಸಿಗುತ್ತಾರೆ, "ಇದು ಶರಾಬಲ್ಲ, ಬರೀ ಸೊಪ್ಪು, ಏನೂ ಆಗಲ್ಲ" ಎನ್ನುವವರೂ ಸಿಗುತ್ತಾರೆ. ನಶೆ ಹರಾಮ್ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದು ತಲೆಯೊಳಗೆ ಏನು ಮಾಡುತ್ತದೆ ಎಂಬುದೂ ಗೊತ್ತಿದ್ದರೆ, ಮಕ್ಕಳು ಕೇಳಿದಾಗ ಉತ್ತರ ಕೊಡಲು ಬರುತ್ತದೆ.

ಇದು ಎಲ್ಲೋ ದೂರದ ಸಂಗತಿಯಲ್ಲ. ದೆಹಲಿಯ ಏಮ್ಸ್ ನಡೆಸಿ, ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಒಂದು ವರ್ಷದಲ್ಲಿ ದೇಶದ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು.

ಗಾಂಜಾದಲ್ಲಿ ಅಮಲು ತರುವ ಅಂಶಕ್ಕೆ ಟಿಎಚ್‌ಸಿ ಎಂದು ಹೆಸರು. ಇಸ್ರೇಲಿನ ವಿಜ್ಞಾನಿ ರಾಫೇಲ್ ಮೆಕೂಲಮ್ ಮತ್ತು ಅವರ ಸಹೋದ್ಯೋಗಿ 1964ರಲ್ಲಿ ಅದನ್ನು ಬೇರ್ಪಡಿಸಿದರು. 1988ರಲ್ಲಿ ಅಮೆರಿಕದ ಆಲಿನ್ ಹೌಲೆಟ್ ಅವರ ತಂಡ, ಮೆದುಳಿನಲ್ಲಿ ಅದು ಹೋಗಿ ಕೂರುವ ಜಾಗಗಳಿವೆ ಎಂದು ತೋರಿಸಿತು. ಆ ಜಾಗಗಳು ಗಾಂಜಾಕ್ಕಾಗಿ ಇರುವಂಥವಲ್ಲ. ನಮ್ಮ ಮೆದುಳು ತಾನೇ ತಯಾರಿಸುವ ರಸಗಳು ಅಲ್ಲಿ ಕೆಲಸ ಮಾಡುತ್ತವೆ. ಅವುಗಳಲ್ಲಿ ಒಂದು 1992ರಲ್ಲಿ ಸಿಕ್ಕಿತು. ನಮ್ಮ 'ಆನಂದ' ಎಂಬ ಪದದಿಂದಲೇ ಅದಕ್ಕೆ 'ಆನಂದಮೈಡ್' ಎಂದು ಹೆಸರಿಟ್ಟರು.

ಆ ರಸದ ಕೆಲಸವನ್ನು ರೈತರು ಸುಲಭವಾಗಿ ತಿಳಿಯಬಹುದು. ಹೊಲಕ್ಕೆ ನೀರು ಬಿಟ್ಟಾಗ, ಮಡಿ ತುಂಬಿದ ಕೂಡಲೇ ಅಲ್ಲಿ ನಿಂತವನು "ಸಾಕು, ಮೋಟಾರ್ ಬಂದ್ ಮಾಡು" ಎಂದು ಕೂಗುತ್ತಾನೆ. ಮೆದುಳಿನಲ್ಲಿಯೂ ಸಂದೇಶ ಪಡೆದ ಜೀವಕೋಶ, ಕಳಿಸಿದ ಜೀವಕೋಶಕ್ಕೆ ಹೀಗೆ "ಸಾಕು" ಎನ್ನುತ್ತದೆ. ಬೇಕಾದ ಕಡೆ, ಬೇಕಾದಷ್ಟು ಹೊತ್ತು ಮಾತ್ರ. ಟಿಎಚ್‌ಸಿ ಬಂದರೆ ಎಲ್ಲ ಹೊಲದಲ್ಲೂ ಒಟ್ಟಿಗೆ, ಗಂಟೆಗಟ್ಟಲೆ ಅದೇ ಕೂಗು. ನೆನಪು ಕೂಡಿಡುವ ಭಾಗದಲ್ಲಿ ಈ ಜಾಗಗಳು ಹೆಚ್ಚಿವೆ, ಅದಕ್ಕೇ ಓದಿದ್ದು ನಿಲ್ಲುವುದಿಲ್ಲ. ಮೈಯ ಸಮತೋಲ ನೋಡಿಕೊಳ್ಳುವ ಭಾಗದಲ್ಲೂ ಹೆಚ್ಚಿವೆ, ಆದ್ದರಿಂದ ಸೇದಿ ಬೈಕ್ ಹತ್ತುವುದು ಅಪಾಯ.

ವಯಸ್ಸಿನ ಪ್ರಶ್ನೆ ಇಲ್ಲಿ ದೊಡ್ಡದು. ಯೋಚಿಸಿ ತೀರ್ಮಾನ ಮಾಡುವ ಮುಂಭಾಗದ ಮೆದುಳು ಸುಮಾರು 25 ವರ್ಷದವರೆಗೆ ಬೆಳೆಯುತ್ತಲೇ ಇರುತ್ತದೆ. ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನ ಸಾವಿರಕ್ಕೂ ಹೆಚ್ಚು ಜನರನ್ನು ಹುಟ್ಟಿನಿಂದ 38 ವರ್ಷದವರೆಗೆ ಗಮನಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಹದಿಹರೆಯದಲ್ಲೇ ಶುರುಮಾಡಿ ವರ್ಷಗಟ್ಟಲೆ ಬಿಡದವರ ಬುದ್ಧಿಮಟ್ಟದ ಅಂಕ ಸುಮಾರು 8ರಷ್ಟು ಇಳಿದಿತ್ತು. ಮನೆಯ ಪರಿಸ್ಥಿತಿಯಂಥ ಬೇರೆ ಕಾರಣಗಳೂ ಇರಬಹುದೆಂದು ವಾದಿಸುವ ವಿಜ್ಞಾನಿಗಳಿದ್ದಾರೆ. ಎಳೆಯ ವಯಸ್ಸಿನಲ್ಲಿ ಅಪಾಯ ಹೆಚ್ಚು ಎಂಬುದರಲ್ಲಿ ಮಾತ್ರ ತಜ್ಞರಲ್ಲಿ ಅಷ್ಟು ಭಿನ್ನಾಭಿಪ್ರಾಯವಿಲ್ಲ.

ಇನ್ನೊಂದು ಅಪಾಯ ಮನೋರೋಗ. ಸ್ವೀಡನ್ ದೇಶದಲ್ಲಿ ಸೇನೆಗೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿದ ಅಧ್ಯಯನ 1987ರಲ್ಲಿ ಹೊರಬಂತು. 18ರ ವಯಸ್ಸಿಗೇ 50ಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಆರು ಪಟ್ಟು ಹೆಚ್ಚಿತ್ತು. ಸೇದಿದವರಿಗೆಲ್ಲ ಹುಚ್ಚು ಹಿಡಿಯುತ್ತದೆ ಎಂದು ನಾವು ಹೇಳುವುದಿಲ್ಲ, ಬಹುಪಾಲು ಜನರಿಗೆ ಹಾಗಾಗುವುದಿಲ್ಲ. ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇದ್ದರೆ ಆ ಮನೆಯ ಮಗ ಹೆಚ್ಚು ಎಚ್ಚರವಾಗಿರಬೇಕು.

"ಅದೇ ಗಿಡದಿಂದ ಔಷಧಿ ಮಾಡ್ತಾರಲ್ಲ" ಎಂದು ಮಕ್ಕಳು ಕೇಳಬಹುದು. ನಿಜ. ಸಿಬಿಡಿ ಎಂಬ ಇನ್ನೊಂದು ಅಂಶ ಅಮಲು ತರುವುದಿಲ್ಲ. ಶುದ್ಧೀಕರಿಸಿ, ಅಳತೆ ಮಾಡಿದ ಆ ಔಷಧಿಗೆ ಮಕ್ಕಳ ಕೆಲವು ತೀವ್ರ ಫಿಟ್ಸ್ ಕಾಯಿಲೆಗಳಿಗಾಗಿ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಬೀದಿಯಲ್ಲಿ ಸಿಗುವ ಪೊಟ್ಟಣದಲ್ಲಿ ಎಷ್ಟು ಏನಿದೆ ಎಂಬುದು ಮಾರುವವನಿಗೂ ತಿಳಿಯದು.

ಈಗ ಸಮಾಧಾನದ ಮಾತು. ದಿನವೂ ಸೇದುವವರ ಮೆದುಳಿನಲ್ಲಿ ಆ ಜಾಗಗಳು ಕಡಿಮೆಯಾಗುತ್ತವೆ. ಪೂರ್ತಿ ಬಿಟ್ಟರೆ ಸುಮಾರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಮೊದಲಿನಂತಾಗುತ್ತವೆ ಎಂದು ಮೆದುಳಿನ ಸ್ಕ್ಯಾನುಗಳು ತೋರಿಸಿವೆ. ಬಿಟ್ಟ ಮೊದಲ ವಾರ ಕಷ್ಟ: ಸಿಟ್ಟು, ನಿದ್ದೆಗೇಡು, ಊಟ ಸೇರದಿರುವುದು. ತಾಯಂದಿರೇ, ಅದು ಮಗನ ಸೊಕ್ಕಲ್ಲ. ಆ ವಾರ ಅವನನ್ನು ಮನೆಯಿಂದ ಹೊರಗೆ ಹಾಕಬೇಡಿ.

ಮಗ ಯಾರನ್ನೂ ನಂಬದೆ, ಇಲ್ಲದ ದನಿ ಕೇಳಿಸಿಕೊಂಡು ಮಾತಾಡುತ್ತಿದ್ದರೆ ದುವಾ ಮಾಡಿಸಿ, ಅದೇ ದಿನ ಡಾಕ್ಟರ ಬಳಿಗೂ ಕರೆದೊಯ್ಯಿರಿ. ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿದ್ದ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಈ ಜಿಲ್ಲೆಯನ್ನೇ ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಮನೋರೋಗದ ಚಿಕಿತ್ಸೆ ಕಲಿಸಿತು. ಬಳ್ಳಾರಿಯ ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ನೆಲದಿಂದ ದೇಶವೇ ಕಲಿತ ಪಾಠಕ್ಕೆ ನಾವು ನಾಚಿಕೊಳ್ಳುವುದೇಕೆ? ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416, ವ್ಯಸನ ಬಿಡಿಸಲು 14446. ಎರಡೂ ಉಚಿತ ಕರೆ.

ಪೊಲೀಸರ ಹೆದರಿಕೆಯಿಂದ ಮುಚ್ಚಿಡುವ ಮನೆಗಳಿವೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆ ಅಪರಾಧವೇ. ಆದರೆ ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ, ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ರಕ್ಷಣೆ ಪಡೆಯಲು ಅದೇ ಕಾಯ್ದೆಯ 64ಎ ಕಲಮಿನಲ್ಲಿ ಅವಕಾಶವಿದೆ.

ದಾನಿಗಳೇ, ಇನ್ನು ನಿಮಗೆ. ಬೆವರಿನ ಹಣ ಹೊಗೆಯಾಗಿ ಹೋಗಬಾರದು ಎಂಬ ನಿಮ್ಮ ಕಾಳಜಿ ನ್ಯಾಯವಾದದ್ದು. ಅದಕ್ಕೇ ಶುಲ್ಕದ ಹಣ ನೇರವಾಗಿ ಕಾಲೇಜಿಗೆ ಹೋಗುತ್ತದೆ. ಜೊತೆಗೆ ಮುಂದಿನ ಸಾಲಿಗೆ ಒಂದು ನಿಯಮ ಸೇರಿಸಿದ್ದೇವೆ. ಈ ಚಟದಿಂದ ಹಿಂದೆ ಬಿದ್ದ ವಿದ್ಯಾರ್ಥಿ ಚಿಕಿತ್ಸೆಗೆ ಒಪ್ಪಿದರೆ ಅವನ ವಿದ್ಯಾರ್ಥಿವೇತನ ರದ್ದಾಗುವುದಿಲ್ಲ, ಒಂದು ವರ್ಷ ಕಾದಿಡುತ್ತೇವೆ. ಹೆಸರು ಸಮಿತಿಯ ಇಬ್ಬರಲ್ಲೇ ಉಳಿಯುತ್ತದೆ. ವೇತನ ನಿಂತುಹೋಗುವ ಭಯವಿದ್ದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ, ಬಾಯಿ ಬಿಡದಿದ್ದರೆ ಓದೂ ಹೋಗುತ್ತದೆ, ಮಗುವೂ ಹೋಗುತ್ತದೆ.

ಮಕ್ಕಳೇ, ಯಾರಾದರೂ ಚಾಚಿದರೆ ಬೇಡ ಎನ್ನಿ. ಈಗಾಗಲೇ ಶುರುವಾಗಿದ್ದರೆ ಮನೆಯಲ್ಲಿ ಹೇಳಿ, ಅಲ್ಲಿ ಧೈರ್ಯವಾಗದಿದ್ದರೆ ನಮ್ಮಲ್ಲಿ ಹೇಳಿ. ಅರ್ಜಿ ನಮೂನೆಯ ಹಿಂಬದಿಯಲ್ಲಿ ಈ ನಿಯಮ ಅಚ್ಚಾಗಿದೆ, ತಂದೆ-ತಾಯಂದಿರಿಗೆ ಓದಿ ಹೇಳಿ.