ತಕ್ಕಡಿ ಸಮನಿರಲಿ: ಸರಳ ಸಮೀಕರಣದ ಪಾಠ

(ಕೊಡೇಕಲ್‌ನಲ್ಲಿ ವಿದ್ಯಾರ್ಥಿಗಳು ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



 

ಶಿಕ್ಷಣದ ಮಹತ್ವದ ಬಗ್ಗೆ ನೀವು ಅನೇಕ ಭಾಷಣಗಳನ್ನು ಕೇಳಿದ್ದೀರಿ. ನಾನು ಇಂದು ಒಂದೇ ಒಂದು ಪಾಠದ ಬಗ್ಗೆ ಮಾತನಾಡುತ್ತೇನೆ. ಅದು ಸರಳ ಸಮೀಕರಣ. ಅನೇಕ ಮಕ್ಕಳಿಗೆ ಗಣಿತದ ಭಯ ಆರಂಭವಾಗುವುದೇ ಇಲ್ಲಿಂದ. ಅಲ್ಲಿಯವರೆಗೆ ಬರೀ ಅಂಕಿಗಳಿದ್ದವು, ಈಗ ನಡುವೆ ಒಂದು ಅಕ್ಷರ ಬಂದು ಕೂತಿತು. "ಇದು ನಮಗೆ ಬರುವುದಿಲ್ಲ" ಎಂದು ಪುಸ್ತಕ ಮುಚ್ಚಿದ ಮಗು ಮುಂದೆ ಹತ್ತನೆಯ ತರಗತಿಯಲ್ಲಿ ಗಣಿತದಲ್ಲೇ ನಪಾಸಾಗಿ ಶಾಲೆ ಬಿಡುತ್ತದೆ.

ಆ ಅಕ್ಷರ ಏನು? ನಮಗೆ ಇನ್ನೂ ಗೊತ್ತಿಲ್ಲದ ಸಂಖ್ಯೆಗೆ ಇಟ್ಟ ಹೆಸರು, ಅಷ್ಟೆ. ಇಂದಿನ ಪಠ್ಯಪುಸ್ತಕ ಅದನ್ನು 'ಎಕ್ಸ್' ಎನ್ನುತ್ತದೆ. ಅರಬ್ ಗಣಿತಜ್ಞರು 'ಶೈ' ಎಂದರು. ಉರ್ದುವಿನಲ್ಲಿಯೂ ವಸ್ತುವಿಗೆ ಶೈ ಎನ್ನುತ್ತೇವಲ್ಲ, ಅದೇ ಪದ. ಭಾರತದ ಗಣಿತಜ್ಞರು 'ಯಾವತ್-ತಾವತ್', ಅಂದರೆ 'ಎಷ್ಟೋ ಅಷ್ಟು' ಎಂದು ಕರೆದು, ಚಿಕ್ಕದಾಗಿ 'ಯಾ' ಎಂದು ಬರೆದರು. ನಾವೂ ಇಂದು 'ಯಾ' ಎಂದೇ ಬರೆಯೋಣ.

ಈಗ ಒಂದು ತಕ್ಕಡಿಯನ್ನು ನೆನಪಿಗೆ ತಂದುಕೊಳ್ಳಿ. ಒಂದು ತಟ್ಟೆಯಲ್ಲಿ ಬೆಲ್ಲ ಮತ್ತು 2 ಕೆ.ಜಿ. ಕಲ್ಲು ಇದೆ. ಇನ್ನೊಂದು ತಟ್ಟೆಯಲ್ಲಿ 5 ಕೆ.ಜಿ. ಕಲ್ಲು ಇದೆ. ತಕ್ಕಡಿ ಸಮನಾಗಿ ನಿಂತಿದೆ. ಬೆಲ್ಲ ಎಷ್ಟು?

ಯಾ + 2 = 5

ಎಡತಟ್ಟೆಯಿಂದ 2 ಕೆ.ಜಿ. ತೆಗೆದರೆ ತಕ್ಕಡಿ ವಾಲುತ್ತದೆ. ಬಲತಟ್ಟೆಯಿಂದಲೂ 2 ಕೆ.ಜಿ. ತೆಗೆದರೆ ಮತ್ತೆ ಸಮನಾಗುತ್ತದೆ. ಯಾ = 3. ಇಡೀ ಪಾಠದ ಜೀವ ಇದರಲ್ಲಿದೆ: ಒಂದು ಬದಿಗೆ ಏನು ಮಾಡುತ್ತೀರೋ ಇನ್ನೊಂದು ಬದಿಗೂ ಅದನ್ನೇ ಮಾಡಿರಿ. ಕನ್ನಡದಲ್ಲಿ ಸಮೀಕರಣ ಎನ್ನುವುದನ್ನು ಉರ್ದುವಿನಲ್ಲಿ 'ಮುಸಾವಾತ್' ಎನ್ನುತ್ತಾರೆ. ಮುಸಾವಾತ್ ಎಂದರೆ ಸಮಾನತೆ. ಸೂರಃ ಅರ್-ರಹ್ಮಾನ್‌ನಲ್ಲಿ ಮೀಝಾನಿನ, ಅಂದರೆ ತಕ್ಕಡಿಯ ಪ್ರಸ್ತಾಪವಿದೆ. ತೂಕದಲ್ಲಿ ಮೋಸ ಮಾಡುವವರ ಮೇಲೆ ಪವಿತ್ರ ಕುರ್‌ಆನಿನಲ್ಲಿ ಒಂದು ಸೂರಃ ಇದೆ, ಅದರ ಹೆಸರು ಅಲ್-ಮುತಫ್ಫಿಫೀನ್. ಬೇರೆಯವರ ತೂಕ ಸರಿಯಿರಬೇಕು ಎನ್ನುವ ನಮಗೆ ನಮ್ಮ ಲೆಕ್ಕವೂ ಸರಿ ಬರಬೇಕಲ್ಲವೆ?

ನಮ್ಮ ಮಕ್ಕಳು ಇದನ್ನು ಹೀಗೆ ಕಲಿಯುವುದಿಲ್ಲ. "ಪ್ಲಸ್ ಆ ಕಡೆ ಹೋದರೆ ಮೈನಸ್ ಆಗುತ್ತದೆ" ಎಂದು ಬಾಯಿಪಾಠ ಮಾಡುತ್ತಾರೆ. ಇದಕ್ಕೆ ಪಕ್ಷಾಂತರ ಎಂಬ ಹೆಸರೂ ಇದೆ. ಪಕ್ಷ ಬದಲಿಸಿದ ಕೂಡಲೇ ಬಣ್ಣ ಬದಲಿಸುವುದು ರಾಜಕಾರಣಿಗಳಿರಬಹುದು, ಸಂಖ್ಯೆಗಳಲ್ಲ! ಬಾಯಿಪಾಠದ ಫಲ ನೋಡಿರಿ: 5 ಯಾ = 20 ಎಂದು ಕೊಟ್ಟರೆ 5 ಅನ್ನು ಆ ಕಡೆ ಕಳಿಸಿ, 20 - 5 = 15 ಎಂದು ಬರೆಯುತ್ತಾರೆ. ತಾಳೆ ನೋಡಿದರೆ 5 × 15 = 75 ಆಗುತ್ತದೆ. ಇಲ್ಲಿ 5 ಕೂಡಿಲ್ಲ, ಗುಣಿಸಿದೆ. ಗುಣಿಸಿದ್ದನ್ನು ಬಿಡಿಸಲು ಭಾಗಿಸಬೇಕು, ಎರಡೂ ಬದಿಯನ್ನು. ಯಾ = 4. ಕೂಡಿದ್ದನ್ನು ಕಳೆದು, ಕಳೆದದ್ದನ್ನು ಕೂಡಿ, ಗುಣಿಸಿದ್ದನ್ನು ಭಾಗಿಸಿ, ಭಾಗಿಸಿದ್ದನ್ನು ಗುಣಿಸಿ ಬಿಡಿಸಬೇಕು. ಕೊನೆಗೆ ಉತ್ತರವನ್ನು ಮೊದಲಿನ ಸಾಲಿನಲ್ಲಿಟ್ಟು ತಾಳೆ ನೋಡಬೇಕು. ತಾಳೆ ನೋಡುವ ವಿದ್ಯಾರ್ಥಿ "ಸರಿಯೋ ತಪ್ಪೋ" ಎಂದು ಇನ್ನೊಬ್ಬರ ಮುಖ ನೋಡಬೇಕಾಗಿಲ್ಲ.

ಇದೆಲ್ಲ ಜೀವನದಲ್ಲಿ ಏತಕ್ಕೆ ಬೇಕು ಎನ್ನುವಿರಾ? ನಾರಾಯಣಪುರದ ಬಸವಸಾಗರ ಜಲಾಶಯ ನಮ್ಮೂರಿಗೆ ಹತ್ತಿರವೇ ಇದೆ. ಆದರೂ ಈ ಭಾಗದ ಎಷ್ಟೋ ಕುಟುಂಬಗಳು ಕೂಲಿಗಾಗಿ ಗುಳೆ ಹೋಗುತ್ತವೆ. ಒಬ್ಬ ಕೂಲಿಕಾರ 14 ದಿನ ದುಡಿದ ಎಂದಿಟ್ಟುಕೊಳ್ಳಿ. ಮೇಸ್ತ್ರಿ 1,500 ರೂಪಾಯಿ ಮುಂಗಡ ಹಿಡಿದುಕೊಂಡು ಅವನ ಕೈಗೆ 6,900 ರೂಪಾಯಿ ಕೊಟ್ಟ. ಒಟ್ಟು ಕೂಲಿ ಎಷ್ಟಾಗಿತ್ತು?

ಯಾ - 1,500 = 6,900

ಎರಡೂ ಬದಿಗೆ 1,500 ಕೂಡಿರಿ. ಯಾ = 8,400. ಹಾಗಾದರೆ ದಿನಕ್ಕೆಷ್ಟು? ಮತ್ತೊಂದು ಸಮೀಕರಣ: 14 ಯಾ = 8,400. ಎರಡೂ ಬದಿಯನ್ನು 14ರಿಂದ ಭಾಗಿಸಿದರೆ ಯಾ = 600. ಮಾತಾಗಿದ್ದು ದಿನಕ್ಕೆ 650 ಆಗಿದ್ದರೆ? ದಿನಕ್ಕೆ 50ರಂತೆ 700 ರೂಪಾಯಿ ಕಡಿಮೆ ಬಂದಿದೆ. ಏಳನೆಯ ತರಗತಿಯ ಮಗಳು ಮನೆಯಲ್ಲಿ ಕೂತು ಈ ಎರಡು ಸಾಲು ಬರೆದು ತಂದೆಗೆ ತೋರಿಸಬಲ್ಲಳು. ಜಗಳ ಬೇಡ. ಲೆಕ್ಕದ ಚೀಟಿ ಸಾಕು.

ಈ ವಿದ್ಯೆಗೂ ನಮಗೂ ಹಳೆಯ ನಂಟಿದೆ. 9ನೇ ಶತಮಾನದಲ್ಲಿ, ಖಲೀಫಾ ಮಾಮೂನ್ ಕಾಲದ ಬಗ್ದಾದಿನಲ್ಲಿ ಅಲ್-ಖ್ವಾರಿಝ್ಮಿ ಎಂಬ ವಿದ್ವಾಂಸರಿದ್ದರು. 'ಅಲ್-ಜಬ್ರ್ ವಲ್-ಮುಕಾಬಲಾ' ಕುರಿತ ಅವರ ಗ್ರಂಥದಿಂದಲೇ ಆಲ್ಜೀಬ್ರಾ ಎಂಬ ಹೆಸರು ಬಂದಿತು. ಜಬ್ರ್ ಎಂದರೆ ಮುರಿದದ್ದನ್ನು ಕೂಡಿಸುವುದು. ಮುರಿದ ಮೂಳೆ ಕೂಡಿಸುವುದಕ್ಕೂ ಅದೇ ಮಾತು. ಕೂಲಿಯ ಲೆಕ್ಕದಲ್ಲಿ ಕಳೆದುಹೋದ 1,500ನ್ನು ನಾವು ಎರಡೂ ಬದಿಗೆ ಕೂಡಿ ತುಂಬಿದೆವಲ್ಲ, ಅದೇ ಜಬ್ರ್. ಬೆಲ್ಲದ ಲೆಕ್ಕದಲ್ಲಿ ಎರಡೂ ಬದಿಯಿಂದ ಸಮನಾದುದನ್ನು ತೆಗೆದದ್ದು ಮುಕಾಬಲಾ. ಅವರ ಗ್ರಂಥದಲ್ಲಿ ಇಂದಿನ ಚಿಹ್ನೆಗಳೇ ಇಲ್ಲ, ಎಲ್ಲವೂ ಮಾತಿನಲ್ಲಿದೆ. ವ್ಯಾಪಾರ, ಜಮೀನಿನ ಅಳತೆ, ಕಾಲುವೆ ತೋಡುವುದು, ಆಸ್ತಿ ಹಂಚಿಕೆ ಇಂಥ ನಿತ್ಯದ ಕೆಲಸಗಳಿಗಾಗಿ ಬರೆದುದಾಗಿ ಅವರೇ ಹೇಳಿದ್ದಾರೆ.

ಅದೇ ಶತಮಾನದಲ್ಲಿ ನಮ್ಮ ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗನ ಕಾಲದ ಜೈನ ವಿದ್ವಾಂಸ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ರಚಿಸಿ ಅಜ್ಞಾತ ಸಂಖ್ಯೆ ಕಂಡುಹಿಡಿಯುವ ಅನೇಕ ಲೆಕ್ಕಗಳನ್ನು ಕೊಟ್ಟರು. 1587ರಲ್ಲಿ ಅಕ್ಬರನ ಆಸ್ಥಾನದ ಫೈಝಿ, ಭಾಸ್ಕರಾಚಾರ್ಯರ 'ಲೀಲಾವತಿ'ಯನ್ನು ಪಾರಸಿಗೆ ತಂದರು. ವಿದ್ಯೆಗೆ ಜಾತಿ ಇಲ್ಲ, ಗಡಿ ಇಲ್ಲ.

ಕೊನೆಗೆ ಆಸ್ತಿ ಹಂಚಿಕೆಯ ಒಂದು ಲೆಕ್ಕ. ಗಂಡ ತೀರಿಕೊಂಡು ಮಕ್ಕಳಿದ್ದರೆ, ಸಾಲ ಮತ್ತು ವಸಿಯ್ಯತ್ ತೀರಿದ ಮೇಲೆ ಉಳಿದ ಆಸ್ತಿಯ ಎಂಟನೆಯ ಒಂದು ಭಾಗ ಹೆಂಡತಿಯದು. ಒಬ್ಬ ತಾಯಿಗೆ "ಇದು ನಿನ್ನ ಪಾಲು" ಎಂದು 9,000 ರೂಪಾಯಿ ಕೊಟ್ಟರು ಎನ್ನಿ.

ಯಾ ÷ 8 = 9,000

ಎರಡೂ ಬದಿಯನ್ನು 8ರಿಂದ ಗುಣಿಸಿರಿ. ಯಾ = 72,000. ಅಂದರೆ ಉಳಿದ ಒಟ್ಟು ಆಸ್ತಿ 72,000 ಎಂದು ಕೊಟ್ಟವರು ಹೇಳಿದಂತಾಯಿತು. ಆಸ್ತಿ ಅದಕ್ಕಿಂತ ಹೆಚ್ಚಿದ್ದರೆ ತಾಯಿಯ ಹಕ್ಕು ಇನ್ನೂ ಬಾಕಿ ಇದೆ. ಶರೀಅತ್ ಕೊಟ್ಟ ಹಕ್ಕನ್ನು ಲೆಕ್ಕ ಬಾರದ್ದಕ್ಕೆ ಕಳೆದುಕೊಳ್ಳಬಾರದು. ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ: ಗಂಡುಮಕ್ಕಳಷ್ಟೇ ಹೆಣ್ಣುಮಕ್ಕಳಿಗೂ ಗಣಿತ ಕಲಿಸಿರಿ. ಅದೂ ಒಂದು ಮುಸಾವಾತ್.

ವಿದ್ಯಾರ್ಥಿ ಮಿತ್ರರೆ, ನಿಮಗೊಂದು ಮನೆಗೆಲಸ. ಒಬ್ಬರು ತಮ್ಮ ಉಳಿತಾಯದ ನಲವತ್ತನೆಯ ಒಂದು ಭಾಗವನ್ನು ಝಕಾತ್ ಎಂದು 1,250 ರೂಪಾಯಿ ಕೊಟ್ಟರು. ಅವರ ಉಳಿತಾಯ ಎಷ್ಟು? ಇಂದು ರಾತ್ರಿ ಮನೆಯವರ ಮುಂದೆ ಬಿಡಿಸಿರಿ, ತಾಳೆ ನೋಡುವುದನ್ನು ಮರೆಯಬೇಡಿರಿ.

ಪ್ರಯೋಜನಕಾರಿಯಾದ ಜ್ಞಾನವನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.