ದಾರಿಹೋಕನಿಗೆ ಕಾನೂನಿನ ಅಭಯ



ಹಳಿಯಾಳದಿಂದ ದಾಂಡೇಲಿಗೂ ಅಲ್ಲಿಂದ ಜೋಯಿಡಾದ ಕಡೆಗೂ ಪ್ರಯಾಣ ಮಾಡಿದವರು ಕಾಳಿ ನದಿಯ ಆ ಕಾಡುಗಳನ್ನು ಮರೆಯಲಾರರು. ದಾರಿಯೇನೋ ರಮ್ಯವಾದುದು. ಆದರೆ ಅದರ ತಿರುವೊಂದರಲ್ಲಿ ಯಾವನಾದರೂ ಬಿದ್ದು ರಕ್ತ ಸುರಿಸುತ್ತಿದ್ದರೆ, ದೊಡ್ಡ ಚಿಕಿತ್ಸೆಗೆ ಧಾರವಾಡವನ್ನೋ ಹುಬ್ಬಳ್ಳಿಯನ್ನೋ ಸೇರಬೇಕು. ಮುಂಡಗೋಡದವರಿಗೂ ಹುಬ್ಬಳ್ಳಿಯೇ ಗತಿ. ಗಾಯವಾದ ಮೊದಲ ಒಂದು ಗಂಟೆಯನ್ನು ಕಾನೂನು ‘ಸುವರ್ಣ ಗಳಿಗೆ’ ಎಂದು ಹೆಸರಿಸಿದೆ. ಈ ಸೀಮೆಯಲ್ಲಿ ಆ ಗಂಟೆಯು ವೈದ್ಯನ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ, ಹಿಂದಿನಿಂದ ಬರುವ ಲಾರಿಯ ಚಾಲಕನ ಕೈಯಲ್ಲಿರುತ್ತದೆ.

ಅವನು ನಿಲ್ಲದೆ ಹೋದರೆ ಅವನಲ್ಲಿ ದಯೆಯಿಲ್ಲವೆಂದು ನಾವು ತಿಳಿಯಬೇಕಾಗಿಲ್ಲ. ಠಾಣೆಗೆ ಅಲೆಯಬೇಕಾದೀತು, ಸಾಕ್ಷಿಗೆಂದು ಕೆಲಸ ಕೆಟ್ಟೀತು, ಗಾಡಿ ಹಾಯಿಸಿದವನು ನೀನೇ ಎಂಬ ಅಪವಾದವೂ ಬಂದೀತು ಎಂಬ ಭಯ ಅವನದು.

ಈ ಭಯವನ್ನು ನೀಗಿಸಲು ಸರ್ವೋಚ್ಚ ನ್ಯಾಯಾಲಯವು 2016ರ ಮಾರ್ಚ್ 30ರಂದು ಕೆಲವು ನಿಬಂಧನೆಗಳನ್ನು ಊರ್ಜಿತಗೊಳಿಸಿತು. ಕರ್ನಾಟಕವು ಅದೇ ವರ್ಷ ತನ್ನದೇ ಕಾಯಿದೆಯನ್ನು ರಚಿಸಿ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತವನ್ನು ಪಡೆಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮು ಸೇರಿತು. ಮೋಟಾರು ಅಪಘಾತದ ಗಾಯಾಳುವಿಗೆ ಪ್ರತಿಫಲವನ್ನು ಬಯಸದೆ ಸದ್ಭಾವದಿಂದ ನೆರವಾದವನ ಮೇಲೆ, ಆ ನೆರವಿನಲ್ಲಿ ಏನಾದರೂ ತಪ್ಪಿದರೂ, ದಿವಾಣಿ ಅಥವಾ ಫೌಜದಾರಿ ಹೊಣೆ ಬರುವುದಿಲ್ಲ. 2020ರ ನಿಯಮಗಳ ಮೇರೆಗೆ ಅವನು ತನ್ನ ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ. ಸಾಕ್ಷಿಯಾಗಲು ತಾನಾಗಿ ಒಪ್ಪಿದರೆ ಮಾತ್ರ ವಿಚಾರಣೆ, ಅದೂ ಅವನಿಗೆ ಅನುಕೂಲವಾದ ಸ್ಥಳದಲ್ಲಿ.

ಹೊಳೆಯಲ್ಲಿ ಮುಳುಗುವವನನ್ನು ಎಳೆದು ತಂದವನ ಗತಿಯೇನು? 134ಎ ಅವನವರೆಗೆ ಚಾಚುವುದಿಲ್ಲ. ಅಲ್ಲಿ ಹಳೆಯ ನ್ಯಾಯವೊಂದು ಒದಗುತ್ತದೆ. 1860ರ ದಂಡಸಂಹಿತೆಯ 92ನೆಯ ಕಲಮು, ಸಮ್ಮತಿಯನ್ನು ಕೇಳಲು ಅವಕಾಶವಿಲ್ಲದ ಸಂದರ್ಭದಲ್ಲಿ ಒಬ್ಬನ ಹಿತಕ್ಕಾಗಿ ಸದ್ಭಾವದಿಂದ ಮಾಡಿದ ಕಾರ್ಯವು ಅಪರಾಧವಲ್ಲವೆಂದಿತು. ಅದರ ಉದಾಹರಣೆಯೊಂದು ನಮ್ಮ ಈ ಕಾಡುಗಳಿಗಾಗಿಯೇ ಬರೆದಂತಿದೆ. ಹುಲಿಯೊಂದು ಮನುಷ್ಯನನ್ನು ಹೊತ್ತೊಯ್ಯುತ್ತಿದೆ. ಅವನನ್ನು ಉಳಿಸಲೆಂದು ಮತ್ತೊಬ್ಬನು ಹುಲಿಗೆ ಗುಂಡು ಹಾರಿಸುತ್ತಾನೆ. ಗುಂಡು ಮನುಷ್ಯನಿಗೇ ತಗುಲಿ ಅವನಿಗೆ ಮಾರಕವಾದ ಗಾಯವಾಗುತ್ತದೆ. ಹಾರಿಸಿದವನು ಅಪರಾಧಿಯಲ್ಲ! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯು 30ನೆಯ ಕಲಮಿನಲ್ಲಿ ಇದನ್ನು ಉಳಿಸಿಕೊಂಡಿದೆ.

ಇಷ್ಟಾದರೂ ಕಾನೂನು ಆ ತಿರುವಿನವರೆಗೆ ತಲಪಿದೆಯೇ ಎಂಬ ಸಂದೇಹ ನಮಗೆ ಉಳಿದೇ ಇದೆ. ನೆರವಾಗುವವರ ಹಕ್ಕುಗಳನ್ನು ಹಿಂದಿ, ಇಂಗ್ಲಿಷು ಮತ್ತು ಸ್ಥಳೀಯ ಭಾಷೆಯಲ್ಲಿ ಆಸ್ಪತ್ರೆಗಳು ತಮ್ಮ ಬಾಗಿಲಲ್ಲಿ ಪ್ರಕಟಿಸಬೇಕೆಂದು ನಿಯಮವಿದೆ. ಆಸ್ಪತ್ರೆಯವರೆಗೆ ಬಂದವನು ಹೇಗೂ ಭಯವನ್ನು ದಾಟಿ ಬಂದವನೇ. ಆ ಫಲಕವು ಕಾಡಿನ ಚೌಕಿಗಳಲ್ಲಿಯೂ ಬಸ್ಸಿನ ನಿಲ್ದಾಣಗಳಲ್ಲಿಯೂ ತೂಗಬೇಕು. ಜೋಯಿಡಾದಲ್ಲಿ ಕನ್ನಡದ ಜೊತೆಗೆ ಕೊಂಕಣಿಯಲ್ಲಿ, ಮುಂಡಗೋಡದಲ್ಲಿ ಟಿಬೇಟಿನವರ ನುಡಿಯಲ್ಲಿಯೂ.